ಮುಂದೆ ನಡೆದ ಗಂಟೆಗಳು

ಅರ್ಜಿಯ ಮೂರನೇ ಪುಟ ಕೇಳುತ್ತದೆ:
ಎಷ್ಟು ಗಂಟೆ ಮುನ್ನಡೆಸಿದ್ದೀರಿ?

ಬಿದಿರು ಗಳ ಹಿಡಿದು
ಟ್ರೈಲರಿನ ಮುಂದೆ ನಡೆದದ್ದನ್ನು ಸೇರಿಸಲೇ?
ಹೆದ್ದಾರಿ ಬಿಟ್ಟಲ್ಲಿಂದ ಜೋಗಿಮಟ್ಟಿಯ ಬುಡದವರೆಗೆ
ನಲವತ್ತೊಂದು ತಂತಿ.
ಒಂದೊಂದನ್ನೂ ಗಳದ ಕವಲಿಗೆ ಸಿಕ್ಕಿಸಿ
ಎತ್ತಿ ಹಿಡಿದರೆ, ಕೆಳಗೆ
ಗಾಳಿಯಂತ್ರದ ರೆಕ್ಕೆ ಹಾದುಹೋಗುತ್ತಿತ್ತು.
ಒಂದು ತುದಿ ಹಾಲಿನ ಡೈರಿ ದಾಟಿದ ಮೇಲೂ
ಇನ್ನೊಂದು ತುದಿ ಟೀ ಅಂಗಡಿಯ ಮುಂದೇ.

ದಿನಕ್ಕೆ ಹದಿನಾಲ್ಕು ಗಂಟೆ, ಇನ್ನೂರೈವತ್ತು ಕೂಲಿ.
ಮುಂದೆ ನಡೆದದ್ದು ಮುನ್ನಡೆಸಿದ್ದು ಆಗುತ್ತದೋ ಇಲ್ಲವೋ
ವ್ಯಾಕರಣದ ಮೇಷ್ಟ್ರನ್ನು ಕೇಳಬೇಕು.
ಆ ಖಾನೆಯಲ್ಲಿ ಸದ್ಯಕ್ಕೆ ಸೊನ್ನೆ ಇಟ್ಟೆ.

ಆಮೇಲಿನವು ಸಲೀಸು.
ಸ್ಟೋರ್ ಕೀಪರ್ ಎರಡು ವರ್ಷ,
ಸಂಜೆ ಡಿಪ್ಲೊಮಾ, ಪ್ಲಾನಿಂಗ್ ಸಹಾಯಕ,
ಈಗ ಹನ್ನೊಂದು ಯಂತ್ರದ ವೇಳಾಪಟ್ಟಿ ನನ್ನ ಹೆಸರಲ್ಲಿ.

ಪುಸ್ತಕ ಹೇಳುತ್ತದೆ,
ಯೋಜನೆ ಎಂದರೆ ಆದಿಯೂ ಅಂತ್ಯವೂ ಇರುವ ಕೆಲಸ.
ಹಾಗಿದ್ದರೆ ಗಾಳಿ ಯೋಜನೆಯಲ್ಲ.
ನಲ್ಲಿಯ ಮುಂದಿನ ಕೊಡಗಳ ಸಾಲು ಯೋಜನೆಯಲ್ಲ.
ಅವ್ವನ ಮಂಡಿನೋವಿಗೆ ಆದಿ ಮಾತ್ರ ಇದೆ.
ನಗಬೇಡಿ, ರಾತ್ರಿ ಹನ್ನೊಂದಕ್ಕೆ ಓದುವವನಿಗೆ
ಉದಾಹರಣೆಗಳು ಬೇಕಾಗುತ್ತವೆ.

ಹಿಂದಿನವರು ದಾರಿಯನ್ನು ಯೋಜನದಲ್ಲಿ ಅಳೆದರು.
ನಮ್ಮದು ಉಲ್ಟಾ, ಯೋಜನೆಯನ್ನು ದಾರಿಯಲ್ಲಿ ಅಳೆಯುತ್ತೇವೆ:
ಪರದೆಯ ಮೇಲೊಂದು ಕೆಂಪು ಗೆರೆ,
ಅದರಲ್ಲಿ ಒಂದು ದಿನ ಜಾರಿದರೆ ಕಡೆಯ ದಿನವೂ ಜಾರುತ್ತದೆ.
ಉಳಿದ ಗೆರೆಗಳಿಗೆ ಒಂಚೂರು ಸಡಿಲ ಉಂಟು,
ಸಂತೆಗೆ ಹೋದವರಿಗೆ ಕೊನೇ ಬಸ್ಸು ಇರುವ ಹಾಗೆ.

ಅಣಕು ಪರೀಕ್ಷೆ, ಪ್ರಶ್ನೆ ಅರವತ್ತೆಂಟು.
ದಾರಿಗೆ ಅಡ್ಡಲಾಗಿ ತಂತಿ ಕಂಡರೆ ವ್ಯವಸ್ಥಾಪಕ ಮೊದಲು ಏನು ಮಾಡಬೇಕು?
ಮೇಲಿನವರಿಗೆ ಪತ್ರ ಬರೆಯಬೇಕು.
ಅಪಾಯಗಳ ಪಟ್ಟಿಯಲ್ಲಿ ದಾಖಲಿಸಬೇಕು.
ಸಭೆ ಕರೆಯಬೇಕು.
ಗುತ್ತಿಗೆದಾರನನ್ನು ಬದಲಿಸಬೇಕು.
ಎತ್ತಬೇಕು ಅನ್ನುವುದು ನಾಲ್ಕರಲ್ಲೂ ಇಲ್ಲ.
ನಕ್ಕೇಬಿಡುತ್ತಿದ್ದೆ,

ಗಾದಿಲಿಂಗನ ಎಡಗೈ ನೆನಪಾಯಿತು.

ನಲವತ್ತೊಂದೂ ನನ್ನ ನೂರು ಪುಟದ ನೋಟ್‌ಬುಕ್ಕಿನಲ್ಲಿದ್ದವು,
ಕಂಬದ ನಂಬರು, ಎತ್ತರ, ಜೋತು ಬಿದ್ದದ್ದೋ ಬಿಗಿಯೋ.
ನಲವತ್ತೆರಡನೆಯದು
ಯಾರದೋ ಮನೆಯ ನಾಮಕರಣಕ್ಕೆ
ಲೈನಿಗೆ ಕೊಕ್ಕೆ ಹಾಕಿ ಎಳೆದ ಸೀರಿಯಲ್ ಸೆಟ್ಟು.
ಮಧ್ಯಾಹ್ನವೇ ನೋಡಿದ್ದೆ, ಕಂಬಕ್ಕೆ ಏಣಿ ಒರಗಿದ್ದನ್ನು.
ಬರೆಯಲಿಲ್ಲ. ಬಾಯಲ್ಲಿ ಹೇಳಿದರಾಯಿತು ಅಂದುಕೊಂಡೆ.
ಬಾಯಿ ಮಂಡಕ್ಕಿಯಲ್ಲಿತ್ತು.
ತುಂತುರಿಗೆ ಗಳ ತೊಯ್ದಿತ್ತು.
ಎರಡು ಬೆರಳು.

ಎರಡನೇ ಉತ್ತರಕ್ಕೆ ಗುರುತು ಹಾಕಿದೆ.
ಸರಿ, ಅಂತ ಹಸಿರಾಯಿತು ಪರದೆ.

ಗಂಟೆಗಳಿಗೆ ಸಾಕ್ಷಿಯ ಸಹಿ ಬೇಕಂತೆ.
ಆಗ ಗುತ್ತಿಗೆ ಹಿಡಿದಿದ್ದ ಜಬೀವುಲ್ಲಾ ಸಾಬರದು
ಈಗ ಮೆದೇಹಳ್ಳಿ ರಸ್ತೆಯಲ್ಲಿ ಟೈರ್ ಅಂಗಡಿ.
ಹಾಳೆಯನ್ನು ದೂರ ಹಿಡಿದು ಓದಿದರು.
"ಇದೇನ್ಲಾ, ಮೊದಲ್ನೇ ವರ್ಸಕ್ಕೆ ಸೊನ್ನೆ?"
ಅದು ನಡೆದದ್ದು ಸಾಬ್ರೆ, ನಡೆಸಿದ್ದಲ್ಲ.
"ಮತ್ತೆ ಲಾರಿ ತಾನಾಗೇ ಹೋಯ್ತಾ?"
ಇನ್ನೊಂದು ಸಲ ಮೇಲಿಂದ ಕೆಳಗೆ ನೋಡಿ,
"ಗಾದಿ ಕೈದು ಎಲ್ಲಿ ಬರ್ದಿದೀಯ?"
ಅದಕ್ಕೆ ಖಾನೆ ಇಲ್ಲ ಅಂದೆ.
ಮಾತಾಡಲಿಲ್ಲ. ಗ್ರೀಸಿನ ಕೈ ಲುಂಗಿಗೆ ಒರೆಸಿಕೊಂಡು
ಸಹಿ ಹಾಕಿದರು, ಚೌಕದಿಂದಾಚೆಗೂ ಹರಿಯಿತು.
ಸೊನ್ನೆಯ ಮೇಲೆ ಹೆಬ್ಬೆಟ್ಟಿನ ಕಪ್ಪು ಉಳಿಯಿತು.
ಹಾಗೇ ಸ್ಕ್ಯಾನ್ ಮಾಡಿ ಕಳಿಸಿದೆ.

ಬರುವ ಗುರುವಾರ ದಾವಣಗೆರೆಯಲ್ಲಿ ಪರೀಕ್ಷೆ.
ಪಾಸಾದರೂ ಮೂರು ವರ್ಷಕ್ಕೆ ಮತ್ತೆ ನವೀಕರಿಸಬೇಕು,
ಗಾಡಿಯ ಇನ್ಶೂರೆನ್ಸಿನ ಹಾಗೆ.

ಸೈಟಿಗೆ ಹೊಸದಾಗಿ ಬಂದ ಸ್ವರೂಪರಾಣಿ
ನನ್ನ ಅಪಾಯಗಳ ಪಟ್ಟಿ ತೆರೆದು ಕೂತಿದ್ದಾಳೆ.
ಕ್ರಮಸಂಖ್ಯೆ ನಲವತ್ತೆರಡರಿಂದ ಶುರು.
"ಮೊದಲ ನಲವತ್ತೊಂದು ಎಲ್ಲಿ ಸರ್?"

ಎತ್ತಿ ಆಯಿತಮ್ಮ, ಅಂದೆ.