ಇಪ್ಪತ್ತು ನಿಮಿಷದ ಕತ್ತಲು

ತ್ರೊಮ್ಸೊದಲ್ಲಿ ಸೂರ್ಯ ಮುಖ ತೋರಿಸಿ ಆರು ವಾರವಾಯಿತು.
ಆದರೂ ನನ್ನ ಕೋಣೆಗೆ ಬಂದವರು
ಮತ್ತೆ ಇಪ್ಪತ್ತು ನಿಮಿಷ ಕತ್ತಲಲ್ಲಿ ಕೂರಬೇಕು.
"ಹೊರಗಿಂದಲೇ ತಂದಿದ್ದೇನಲ್ಲ, ಸಾಲದೆ?"
ರಾಂಗ್‌ಫ್ರಿಡ್ ನಗುತ್ತಾಳೆ.
ಸಾಲದು. ಬೀದಿದೀಪದ್ದು, ಹಿಮದ್ದು, ಮೊಬೈಲಿನದ್ದು
ಬೆಳಕು ಕಣ್ಣಿಗೆ ಅಂಟಿಕೊಂಡಿರುತ್ತದೆ,
ಮೀನು ಕೊಯ್ದ ಕೈಗೆ ಹುರುಪೆಯ ಹಾಗೆ.
ಅದು ಉದುರಬೇಕು.

ಕತ್ತಲಲ್ಲಿ ಜನ ಮಾತಾಡುತ್ತಾರೆ.
ಅಜ್ಜನಿಗೆ ಮೊದಲು ಒಂದು ಕಣ್ಣು ಹೋಯಿತಂತೆ, ಆಮೇಲೆ ಇನ್ನೊಂದು.
ಉಪ್ಪುಗಾಳಿ ಎಂದರು ಮನೆಯವರು.
ಅಪ್ಪನಿಗೆ ಕಿರುಮೆದುಳಲ್ಲಿ ಗೆಡ್ಡೆ,
ದೋಣಿಯಲ್ಲಿ ನಡೆದಂತೆ ನೆಲದ ಮೇಲೂ ತೂರಾಡುತ್ತಿದ್ದ.
ಕುಡಿತ ಎಂದರು ಊರವರು.
ರೋಗಕ್ಕೆ ಹೆಸರು ಸಿಕ್ಕಿದ್ದು ಅವನು ಸತ್ತ ಹನ್ನೊಂದನೇ ವರ್ಷ.
ಅಷ್ಟರಲ್ಲಿ ಕ್ಷಮೆ ಕೇಳಬೇಕಾದವರೂ ತೀರಿಹೋಗಿದ್ದರು.

ಇವಳ ಎಡಗಣ್ಣಲ್ಲಿ ಲೇಸರ್ ಸುಟ್ಟ ಮೂರು ಗುರುತು.
ಬಲಗಣ್ಣು ನೋಡಲು ಚೊಕ್ಕಟ.
ನೋಡಲು ಚೊಕ್ಕಟವಾದದ್ದು
ನೋಡುವುದಕ್ಕೂ ಚೊಕ್ಕಟವೇ?
ಅದನ್ನು ಕೇಳಲೆಂದೇ ಈ ಕುರ್ಚಿ, ಈ ಯಂತ್ರ, ನಾನು.

ಮಂಕು ಕೆಂಪು ದೀಪದಲ್ಲಿ
ಕೆಳರೆಪ್ಪೆಯ ಗುಂಟ ಬೆಳ್ಳಿಲೇಪದ ನೂಲು ಇಡುತ್ತೇನೆ,
ಕೂದಲಿಗಿಂತ ತೆಳು.
"ಬಲೆಗೆ ಇದು ಬಹಳ ಸಣ್ಣದಾಯಿತು."
"ಹಿಡಿಯುವುದೂ ಸಣ್ಣದನ್ನೇ."

ಮಿಂಚು.
ಪರದೆಯಲ್ಲಿ ಗೆರೆ ಮೊದಲು ಕುಸಿಯುತ್ತದೆ,
ತಣ್ಣೀರಿಗೆ ಕಾಲಿಟ್ಟವರ ಉಸಿರಿನಂತೆ,
ಆಮೇಲೆ ಏರುತ್ತದೆ.
ವೋಲ್ಟಿನ ಸಾವಿರದ ಒಂದು ಪಾಲಿಗೂ ಕಡಿಮೆ.
ಕಂಡೆ ಎನ್ನಲು ಕಣ್ಣಿಗೆ ಅಷ್ಟು ಸಾಕು.

ಎಡಗಣ್ಣಿನದು ಗೊತ್ತಿದ್ದದ್ದೇ.
ಬಲಗಣ್ಣಿನ ಏರು ಕೊಂಚ ಗಿಡ್ಡ, ಕೊಂಚ ತಡ.
ನೂಲು ಸರಿಪಡಿಸಿದೆ. ಮತ್ತೆ ಮಿಂಚು.
ಮತ್ತೆ ತಡ.
ಹೇಳುವುದು ನನ್ನ ಕೆಲಸವಲ್ಲ;
ಗುರುವಾರ ಡಾಕ್ಟರು ಹೇಳುತ್ತಾರೆ.
ನಾನು ಬಾಯಿ ಬಿಗಿಹಿಡಿದು ಬರೆದುಕೊಂಡೆ.
ಆದರೆ ಅವಳ ಕಣ್ಣು ಆ ಹೊತ್ತಿಗೆ ಕತ್ತಲಿಗೆ ಒಗ್ಗಿತ್ತು,
ನನ್ನ ಮುಖ ಕಾಣುವಷ್ಟು.
ಇಷ್ಟು ವರ್ಷ ಈ ಕೆಲಸ ಮಾಡಿಯೂ
ಆ ಲೆಕ್ಕ ನಾನು ಇಟ್ಟಿರಲಿಲ್ಲ.

ಹೊರಗೆ ಬೆಂಚಿನ ಮೇಲೆ ಏಳು ವರ್ಷದ ತ್ಯೂರಿ,
ಮೊಣಕೈಯಲ್ಲಿ ಹತ್ತಿ, ಅದರ ಮೇಲೆ ಕರಡಿ ಚಿತ್ರದ ಪಟ್ಟಿ.
ಅವಳ ರಕ್ತವೂ ಹೋಗಿದೆ, ಉಂಟೋ ಇಲ್ಲವೋ ಕೇಳಲು.
"ಒಳಗೆ ಏನಿತ್ತು ಅಮ್ಮಾ?"
"ಮಿಂಚು."
"ಗುಡುಗು?"
ರಾಂಗ್‌ಫ್ರಿಡ್ ಬಗ್ಗಿ ಬೆಂಚಿನಡಿ ಕೈಗವಸು ಹುಡುಕಿದಳು.
ಒಂದು ಸಿಕ್ಕಿತು.
"ಗುರುವಾರ," ಎಂದಳು.