ನಾಲ್ಕನೆಯ ಪ್ರತಿ

ಲುಸಾಕಾದಲ್ಲಿ ಆಗ ಬಾವುಟ ಬದಲಾಗಿ ಎರಡೇ ಮಳೆಗಾಲ.
ಜಕರಂಡ ಉದುರಿ ಮೆಟ್ಟಿಲೆಲ್ಲ ನೇರಳೆ.
ಶಿಕ್ಷಣ ಸಲಹಾ ಮಂಡಳಿಗೆ ಹದಿನೇಳು ಕುರ್ಚಿ,
ಉದ್ದನೆಯ ಮೇಜು,
ಗೋಡೆಯ ಪಕ್ಕ ಒಂದು ಸ್ಟೂಲು. ಅದು ನನ್ನದು.

ಸಲಹೆ ಅಂದರೆ ಸಲಹೆ ಅಷ್ಟೇ, ಎನ್ನುತ್ತಿದ್ದರು ಅಧ್ಯಕ್ಷ ಸಿಟ್ವಾಲ,
ಕೇಳಿದರೆ ಕೇಳಿಯಾರು, ಬಿಟ್ಟರೆ ಬಿಟ್ಟಾರು.
ಬಿಳಿಯರ ಕಾಲದಲ್ಲೂ ಇಂಥದೊಂದು ಮಂಡಳಿ ಇತ್ತಂತೆ;
ಅದರ ವರದಿಗಳು ಅದೇ ಬೀರುವಿನಲ್ಲಿ,
ಪೂರ್ತಿ ಓದಿದ್ದು ಗೆದ್ದಲು ಮಾತ್ರ.

ಆ ದಿನದ ವಿಷಯ: ಒಂದನೆಯ ತರಗತಿಯ ಮಗುವಿಗೆ
ಯಾವ ಮಾತಿನಲ್ಲಿ ಕಲಿಸುವುದು.
ಕಿಟ್ವೆಯ ಗಣಿ ಕಂಪನಿಯವರು ಇಂಗ್ಲಿಷ್ ಎಂದರು.
ಪಾದ್ರಿಯೊಬ್ಬರು ಕನ್ನಡಕ ಒರೆಸಿದರು, ಒರೆಸುತ್ತಲೇ ಇದ್ದರು.
ಇಷ್ಟೊಂದು ಮಾತುಗಳ ನಾಡು,
ಯಾವುದಕ್ಕೆಂದು ಪುಸ್ತಕ ಅಚ್ಚು ಹಾಕುವುದು?
ಕೇಳಿದ್ದು ತಪ್ಪಲ್ಲ. ಹಾಗೇ ಬರೆದುಕೊಂಡೆ.

ನನ್ನ ಕೊರಳಲ್ಲಿ ಮಾತ್ರ, ಆರನೆಯ ವಯಸ್ಸಿನಿಂದ,
ಒಂದು ಎತ್ತಿನ ಮೂಳೆ ತೂಗುತ್ತಿತ್ತು.
ಶಾಲೆಯಲ್ಲಿ ಲೋಜಿ ಆಡಿದವರಿಗೆ ಕಟ್ಟುತ್ತಿದ್ದರು.
ನೀರು ಬೇಕು ಅಂದಿದ್ದೆ. ಅಷ್ಟೇ.

ಸಂಜೆ ಹೊತ್ತಿಗೆ ಠರಾವು ಹುಟ್ಟಿತು:
ಮೊದಲೆರಡು ವರ್ಷ ಮನೆಮಾತಿನಲ್ಲಿ ಕಲಿಸಬಹುದು.
ಬಹುದು!
ಹದಿನೇಳು ಮಂದಿ, ನಾಲ್ಕು ದಿನ, ಮೂರು ಡಬ್ಬಿ ಬಿಸ್ಕತ್ತು,
ಕೊನೆಗೆ ಈ ಬಹುದು.

ಮೂರು ಕಾರ್ಬನ್ ಹಾಳೆ ಸೇರಿಸಿ ಯಂತ್ರಕ್ಕೆ ಸುತ್ತಿದೆ.
ಬೆರಳು ಜಾರಿತೆಂದು ಆಮೇಲೆ ಹೇಳಿದೆ.
ಕಲಿಸತಕ್ಕದ್ದು
ಎಂದು ಬಿದ್ದಿತ್ತು.

ಸಿಟ್ವಾಲ ಓದಿದರು. ನನ್ನತ್ತ ನೋಡಲಿಲ್ಲ.
ಹಸಿರು ಶಾಯಿಯಲ್ಲಿ ಮೇಲಿನ ಪ್ರತಿ ತಿದ್ದಿದರು,
ಎರಡನೆಯದು, ಮೂರನೆಯದು.
ನಾಲ್ಕನೆಯದರ ಮೇಲೆ ಪೆನ್ನು ಒಂದು ಗಳಿಗೆ ನಿಂತು
ಮುಚ್ಚಳ ಹಾಕಿಕೊಂಡಿತು.

ಮೇಲಿನ ಮೂರು ಎಲ್ಲಿ ಹೋದವೋ.
ನಾಲ್ಕನೆಯದು ಅಂಚೆ ಚೀಲದಲ್ಲಿ, ಆಮೇಲೆ ದೋಣಿಯಲ್ಲಿ,
ನೆರೆ ನಿಂತ ಬಯಲು ದಾಟಿ
ನಮ್ಮ ಕಡೆಯ ಒಂದು ಶಾಲೆ ಸೇರಿತು.
ಹನ್ನೊಂದು ವರ್ಷ, ಯಾರ ಅಪ್ಪಣೆ ಎಂದು ಇನ್‌ಸ್ಪೆಕ್ಟರು ಕೇಳಿದಾಗಲೆಲ್ಲ
ಹೆಡ್‌ಮಾಸ್ಟರ್ ಮುಬಿಟ ಆ ಮಸುಕು ಹಾಳೆ ತೋರಿಸುತ್ತಿದ್ದನಂತೆ,
ಮಡಿಕೆಯಲ್ಲಿ ಹರಿದು, ಗಂಜಿ ಹಚ್ಚಿ ಅಂಟಿಸಿದ್ದು.

ಮಂಡಳಿಯಿಂದ ಏನಾಯಿತು ಎಂದು ಈಗಲೂ ಯಾರಾದರೂ ಕೇಳುತ್ತಾರೆ.
ವರದಿ ಬೀರುವಿನಲ್ಲಿದೆ ಅನ್ನುತ್ತೇನೆ.

ಮೊನ್ನೆ ಸಂತೆಯಲ್ಲಿ ಒಣಮೀನಿನವಳು ಸಾಲದ ಪುಸ್ತಕ ತೆಗೆದಳು.
ಲೋಜಿ ಮಾತು, ದುಂಡು ಅಕ್ಷರ,
ಬರೆಯುವಾಗ ತುಟಿ ಅಲ್ಲಾಡುತ್ತಿತ್ತು.
ಎಲ್ಲಿ ಕಲಿತೆ, ಎಂದೆ.
ಶಾಲೆಯಲ್ಲಿ, ಎಂದಳು, ಮತ್ತೆಲ್ಲಿ?

ಎರಡು ಮೀನು ಹೆಚ್ಚಿಗೆ ಕೊಂಡೆ.