ಖಾಲಿ ಗಾಡಿಯ ತೂಕ

ಗಬ್ಬೂರ ಬೈಪಾಸಿನ್ಯಾಗ ನಾಕು ಟ್ರಾನ್ಸ್‌ಪೋರ್ಟ್ ಆಫೀಸು.
ನಾಕೂ ಕಡೆ ಚಾ ಕುಡಿಸಿದ್ರು.

ಅಂಜಿಕೋತನ ಹೋಗಿದ್ದೆ, ಕೇಳ್ತಾರ,
ಎರಡು ವರ್ಷ ಎಲ್ಲಿದ್ದಿ ಅಂತ.
ಬಸ್ಸಿನ್ಯಾಗ ಕುಂತು ಉತ್ತರ ಬಾಯಿಪಾಠ ಮಾಡಿದ್ದೆ,
ಧಾರವಾಡದ ಜೇಲು ಅನ್ನೂದನ್ನ
ಎಷ್ಟು ಸಣ್ಣ ದನೀಲೆ ಹೇಳಿದ್ರ
ಜೇಲು ಸಣ್ಣದಾಗ್ತೈತಿ ಅಂತ.

ಯಾರೂ ಕೇಳಲಿಲ್ಲ. ಎಲ್ಲಾರಿಗೂ ಗೊತ್ತಿತ್ತು.
ಹಿರೇಕೆರೂರ ಸಾವಕಾರ ನಕ್ಕ:
'ಡ್ರೈವರ್ ಅಂದಮ್ಯಾಲೆ ಒಂದಿಲ್ಲೊಂದು ಇರೂದ ತಮ್ಮಾ,
ಎಲಿಅಡಿಕಿ ಹಾಕ್ಕೊಳ್ಳಾವ್ರ ಬಾಯಿ ಕೆಂಪಿದ್ದಂಗ.
ಲೈಸೆನ್ಸ್ ಹೊಳ್ಳಿ ಕೊಟ್ಟಾರಿಲ್ಲೋ?
ಹತ್ತು ಗಾಲೀದ ಐತಿ, ರಾತ್ರಿ ಸಾಂಗ್ಲಿಗೆ ಬಿಡು.'
ಕೀಲಿಕೈ ಮೇಜಿನ ಮ್ಯಾಲಿಟ್ಟ.
ಅದಕ್ಕ ಹನುಮಪ್ಪನ ಸಣ್ಣ ಗದಾ ಜೋತಬಿದ್ದಿತ್ತು.

ನಾ ಮುಟ್ಟಲಿಲ್ಲ.
ಹಮಾಲಿ ಕೊಡ್ರಿ ಅಂದೆ.
ಆವಾಗ ನೋಡಿದ ನನ್ನ, ಸಂಶೇದಲೆ,
ಮೊದಲನೇ ಸಲ.
'ಸ್ಟೇರಿಂಗ್ ಬಿಟ್ಟು ಚೀಲ ಹೊರ್ತೀನಂತಿ,
ಕುಡೀತಿ ಏನ? ಕಣ್ಣಿಗೇನರ ಆಗೇತೇನ?'

ಹಂಗೇನಿಲ್ರೀ.
ಗೇರ್ ಹಾಕೂ ಕೈ ಇದು,
ಜ್ವಾಳದ ರೊಟ್ಟಿ ಮುರಿಯೂ ಮುಂದೂ
ಒಮ್ಮೊಮ್ಮೆ ನ್ಯೂಟ್ರಲಿಗೆ ಬಂದು ನಿಂದರತೈತಿ.
ಯಾಕ ನಿಂತಿ, ಉಣ್ಣು, ಅಂತಾಳ ಮನ್ಯಾಕಿ.
ಇದನ್ನ ಸಾವಕಾರಗ ಹ್ಯಾಂಗ ಹೇಳೂದು.
ಚಾ ಕಪ್ಪು ತೊಳದಿಟ್ಟು ಬಂದೆ.

ಆಮ್ಯಾಲೆ ದುರ್ಗದ ಬೈಲಿನ್ಯಾಗ ಭಾಂಡೆ ಅಂಗಡಿ.
ಗೋಕುಲ ರೋಡಿನ್ಯಾಗ ನಟ್ಟು ಬೋಲ್ಟಿನ ಫ್ಯಾಕ್ಟರಿ,
ಅಲ್ಲಿ ಪೊಲೀಸ್ ವೆರಿಫಿಕೇಶನ್ ಕೇಳಿದ್ರು.
ಖರೇ ಹೇಳ್ತೀನಿ, ಮನಸಿಗೆ ಹಗೂರಾತು,
ಕಾಗದಕ್ಕರ ನೆನಪೈತಿ ಅಂತ.
ಕೆಲಸ ಸಿಗಲಿಲ್ಲ.

ಅಮರಗೋಳ ಎಪಿಎಂಸಿ ಹಿಂದ ಒಂದು ವೇಬ್ರಿಜ್ಜು.
ನೆಲಕ್ಕ ಕಬ್ಬಿಣದ ಹಾಸು, ಮ್ಯಾಲೆ ಲಾರಿ ನಿಲ್ಲತೈತಿ,
ತುಂಬಿದ್ದು ಒಮ್ಮೆ, ಖಾಲಿ ಒಮ್ಮೆ,
ಕಳದ್ರ ಉಳಿಯೂದು ಉಳ್ಳಾಗಡ್ಡಿ.
ಸಾವಂತ್ರೆವ್ವ ಕಿಡಕ್ಯಾಗ ಕುಂತು ಚೀಟಿ ಹರೀತಾಳ.
'ಡ್ರೈವರ್ ಕೆಳಗ ಇಳೀರಿ' ಅಂತ ಒದರೂ ಹುಡುಗ
ಊರಿಗೆ ಹೋದಾಂವ ಬಂದಿಲ್ಲಂತ.

ಕನ್ನಡಕ ಹಣಿಗೆ ಏರಿಸಿ ಕೇಳಿದಳು,
'ಎಲ್ಲಿದ್ದಿ ಇಷ್ಟು ದಿನ?'
ಧಾರವಾಡದ ಜೇಲು. ದನಿ ಸಣ್ಣ ಆಗಲಿಲ್ಲ.
'ಯಾಕ?'
ಶಿಗ್ಗಾಂವಿ ಕಡಿಂದ ಬರೂ ಮುಂದ, ತಡಸ ಕ್ರಾಸು, ಸಂಜಿ,
ಸೈಕಲ್ಲು.
ಎರಡು ರಾತ್ರಿ ನಿದ್ದಿ ಇದ್ದಿದ್ದಿಲ್ಲರಿ ಅಂದೆ.
ಅದನ್ನ ಹೇಳಬಾರದಿತ್ತು.

ಹಿಂದ ಒಂದು ಲಾರಿ ಹಾರನ್ ಹೊಡೀತು.
ಅದಕ್ಕ ಕೈ ಮಾಡಿ ನಿಲ್ಲಿಸಿ
'ಹೆಸರು?' ಅಂದಳು.
ಅಡಿವೆಪ್ಪ ಅಂದೆ, ಅಡಿವೆಪ್ಪ ಸೊರಟೂರ.
'ನಿಂದಲ್ಲೋ.'

ಕೋರ್ಟಿನ್ಯಾಗ ಓದಿದ್ದು
ಮೃತ ಬಾಲಕ, ವಯಸ್ಸು ಹನ್ನೊಂದು.
ವಕೀಲ ಹೇಳಿಕೊಟ್ಟಿದ್ದ, ಕೇಳಿದಷ್ಟಕ್ಕ ಹೌದು ಅಲ್ಲ ಅನ್ನು.
ನನ್ನ ಬಾಯಿಂದ ಅದು ಒಮ್ಮೆಯೂ ಬಂದಿದ್ದಿಲ್ಲ.
ಮೈಲಾರಿ, ಅಂದೆ.

ಗಾಡಿ ನಂಬರ ನೆನಪಿಟ್ಟುಕೊಳ್ಳೂ ಹಂಗ
ಆಕಿ ಬಾಯಾಗ ಒಮ್ಮೆ ಅಂದುಕೊಂಡಳು.
ಆ ಲಾರಿಯವಗ ಚೀಟಿ ಹರದು ಕೊಟ್ಟಳು.
ನನ್ನ ಕಡೆ ತಿರುಗದನ,
'ಸೋಮಾರ ಎಂಟಕ್ಕ ಬಾ. ಬುತ್ತಿ ನಿಂದ ನೀ ತರಬೇಕು.
ದಿನಕ್ಕ ಮುನ್ನೂರೈವತ್ತು. ಹೆಚ್ಚಿಗಿ ಕೇಳಬ್ಯಾಡ.'

ರಸ್ತೆಕ್ಕ ಬರಬೇಕಂದ್ರ ಆ ಹಾಸು ದಾಟಬೇಕು.
ನಡುವ ಚಣ ನಿಂತೆ. ಕಿಡಕ್ಯಾಗ ಕೆಂಪ ಅಂಕಿ ಅಲುಗಿ
ಅರವತ್ತು ಅಂತು.
ಜೇಲಿನ ದವಾಖಾನ್ಯಾಗ ಐವತ್ತೇಳಿತ್ತು.
ಹತ್ತು ಕಿಲೋಕ್ಕಿಂತ ಸಣ್ಣ ಲೆಕ್ಕ ಇದಕ್ಕ ತಿಳಿಯೂದಿಲ್ಲ ಅಂತ
ಸೋಮಾರ ಆಕೀನ ಹೇಳಿದಳು.